312 ಫೋಟೊಗಳಿಗೆ ಒಂದೇ ಸಲ ಹೆಸರಿಡುವುದು ಹೇಗೆ

ನಮ್ಮ ಮಾವನವರು ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಹಗಲು ಹೋಟೆಲ್ ಕೆಲಸ ಮಾಡಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆ ಕಾಲದ 312 ಫೋಟೊಗಳು ಡೊಂಬಿವಲಿಯ ನಮ್ಮ ಮನೆಯಲ್ಲಿ ಬಿಸ್ಕೆಟ್ ಡಬ್ಬಿಯೊಳಗಿದ್ದವು. ಪ್ರತಿ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಒಂದು ನಂಬರು. ಒಂದು ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ ತಾರೀಖು, ಸಂದರ್ಭ, ನಿಂತವರ ಹೆಸರು.

ನಾನು ಅದೇ ಕ್ರಮದಲ್ಲಿ ಸ್ಕ್ಯಾನ್ ಮಾಡಿದೆ. ಆಮೇಲೆ ಎಲ್ಲ ಫೈಲುಗಳನ್ನೂ ಆರಿಸಿ, ಎಫ್2 ಒತ್ತಿ, ‘ರಾತ್ರಿಶಾಲೆ’ ಅಂತ ಟೈಪ್ ಮಾಡಿದೆ. ವಿಂಡೋಸ್ ಎಲ್ಲಕ್ಕೂ ಅದೇ ಹೆಸರಿಟ್ಟು 1, 2, 3 ಅಂತ ನಂಬರು ಹಾಕಿತು. ಆದರೆ ಫೋಲ್ಡರ್ ಆಗ ಸೈಜಿನ ಪ್ರಕಾರ ಜೋಡಿಸಿತ್ತು. ಪೆನ್ಸಿಲ್ ನಂಬರಿಗೂ ಫೈಲ್ ನಂಬರಿಗೂ ಸಂಬಂಧವೇ ಇಲ್ಲದಂತಾಯಿತು. ಗೊತ್ತಾದದ್ದು ಮರುದಿನ. ಎರಡು ಭಾನುವಾರ ಮಾವನವರ ಜೊತೆ ಕೂತು, ಒಂದೊಂದೇ ಫೋಟೊ ತಿರುಗಿಸಿ ಸರಿಮಾಡಿದೆವು.

ಹಾಗಾಗಿ ನನಗೆ ಬೇಕಿದ್ದದ್ದು ಎರಡೇ: ಹಳೆ ಹೆಸರು, ಹೊಸ ಹೆಸರು ಪಕ್ಕಪಕ್ಕ ಕಣ್ಣಿಗೆ ಕಾಣಬೇಕು, ಮತ್ತು ವಾಪಸ್ ಬರುವ ದಾರಿ ಮೊದಲೇ ತಯಾರಿರಬೇಕು. ಇದಕ್ಕೆ ಎಕ್ಸೆಲ್, ನೋಟ್‌ಪ್ಯಾಡ್ ಸಾಕು.

ಮೊದಲು ಫೋಲ್ಡರಿನ ಒಂದು ಕಾಪಿ ಮಾಡಿ. ಕೆಲಸ ಎಲ್ಲ ಕಾಪಿಯಲ್ಲೇ ನಡೆಯಲಿ. ಅದನ್ನು ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ ಸಿ-ಎಂ-ಡಿ ಎಂಬ ಮೂರು ಅಕ್ಷರ ಹೊಡೆದು ಎಂಟರ್ ಒತ್ತಿ. ಆಜ್ಞೆ ಹೊಡೆಯುವ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಡಿ-ಐ-ಆರ್, ಸ್ಪೇಸ್, ಮುಂದಕ್ಕೆ ವಾಲಿದ ಗೆರೆ /, ಬಿ, ಸ್ಪೇಸ್, >, ಸ್ಪೇಸ್, ಕೊನೆಗೆ ‘ಲಿಸ್ಟ್ ಡಾಟ್ ಟಿಎಕ್ಸ್‌ಟಿ’ ಅಂತ ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿ. ಎಲ್ಲ ಫೈಲುಗಳ ಹೆಸರು ಒಂದರ ಕೆಳಗೆ ಒಂದರಂತೆ ಆ ಲಿಸ್ಟಿನಲ್ಲಿ ಬಂದಿರುತ್ತದೆ. ಲಿಸ್ಟಿನ ಹೆಸರೂ ಅದರಲ್ಲೇ ಸೇರಿರುತ್ತದೆ, ಆ ಸಾಲನ್ನು ಅಳಿಸಿ.

ಈಗ ಎಕ್ಸೆಲ್. ಎ ಕಾಲಂನಲ್ಲಿ ಪ್ರತಿ ಸಾಲಿಗೂ ಆರ್-ಇ-ಎನ್, ಹೆಸರು ಬದಲಿಸು ಎಂಬ ಆಜ್ಞೆ. ಬಿ ಕಾಲಂನಲ್ಲಿ ಆ ಲಿಸ್ಟಿನಿಂದ ತಂದ ಹಳೆ ಹೆಸರು. ಸಿ ಕಾಲಂ ಹೊಸ ಹೆಸರಿಗೆ. ಡಿಯಲ್ಲಿ ತಾರೀಖು, ಇಯಲ್ಲಿ ಸಂದರ್ಭ, ಎಫ್‌ನಲ್ಲಿ ನಂಬರು.

ಡಿ ಕಾಲಂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆಯಿರಿ. ಆಗ ಫೈಲುಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಆದರೆ ಸುಮ್ನೆ 1968-08-15 ಅಂತ ಹೊಡೆದರೆ ಎಕ್ಸೆಲ್ ಅದನ್ನು ತನ್ನ ಲೆಕ್ಕದ ತಾರೀಖು ಮಾಡಿಕೊಳ್ಳುತ್ತದೆ. ಹೆಸರಿಗೆ ಜೋಡಿಸಿದಾಗ 25065 ಅಂತ ಬರುತ್ತದೆ! 1900ರ ಶುರುವಿನಿಂದ ಎಣಿಸಿದ ದಿನಗಳ ಸಂಖ್ಯೆ ಅದು. ಹಾಗಾಗಿ ಟೈಪ್ ಮಾಡುವ ಮೊದಲೇ ಡಿ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿ. ಡಿ ಒಂದನ್ನೇ. ಸಿ ಕಾಲಂ ಟೆಕ್ಸ್ಟ್ ಆದರೆ ಸೂತ್ರ ಕೆಲಸ ಮಾಡುವುದಿಲ್ಲ.

ನಂಬರನ್ನು 1001ರಿಂದ ಶುರು ಮಾಡಿ. 001 ಅಂತ ಹೊಡೆದರೆ ಮುಂದಿನ ಸೊನ್ನೆ ಹೋಗಿಬಿಡುತ್ತದೆ, ಅಲ್ವಾ? ನನಗೆ ಕೊನೆಯ ಮೂರು ಅಂಕಿಯೇ ಪೆನ್ಸಿಲ್ ನಂಬರು.

ಸಿ ಕಾಲಂನಲ್ಲಿ = ಹಾಕಿ, ಡಿ, ಇ, ಎಫ್ ಮನೆಗಳನ್ನು & ಇಂದ ಜೋಡಿಸಿ. ನಡುವೆ "-", ಕೊನೆಗೆ ಅದೇ ರೀತಿ ಉದ್ಧರಣ ಚಿಹ್ನೆಯೊಳಗೆ ಡಾಟ್ ಜೆಪಿಜಿ. ಆ ಮನೆಯ ಕೆಳಗಿನ ಬಲಮೂಲೆ ಹಿಡಿದು ಕೆಳಗೆ ಎಳೆದರೆ 312 ಹೆಸರೂ ತಯಾರು. ಹೆಸರಿನೊಳಗೆ ಸ್ಪೇಸ್ ಬೇಡ. \ / : * ? " < > | ಇವನ್ನು ವಿಂಡೋಸ್ ಒಪ್ಪುವುದಿಲ್ಲ. & ಮತ್ತು % ಕೂಡ ಇಲ್ಲಿ ತೊಂದರೆ ಕೊಡುತ್ತವೆ.

ಎ, ಬಿ, ಸಿ ಮೂರನ್ನೂ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ನಾನು ಸಂದರ್ಭವನ್ನು ಕನ್ನಡದಲ್ಲೇ ಬರೆದಿದ್ದೇನೆ. ಅದು ಕನ್ನಡ ಶಾಲೆ, ಬೇರೆ ಲಿಪಿ ಯಾಕೆ? ಇದಕ್ಕೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಸಿ-ಎಚ್-ಸಿ-ಪಿ, ಸ್ಪೇಸ್, 65001 ಇರಬೇಕು. ಕಪ್ಪು ಕಿಟಕಿ ಕನ್ನಡವನ್ನು ಸರಿಯಾಗಿ ಓದುವಂತೆ ಮಾಡುವ ಆಜ್ಞೆ ಅದು. ಸೇವ್ ಮಾಡುವಾಗ ಎನ್ಕೋಡಿಂಗ್, ಅಂದರೆ ಅಕ್ಷರ ಉಳಿಸುವ ರೀತಿ, ಯುಟಿಎಫ್-8 ಇರಲಿ. ಬಿಓಎಂ, ಅಂದರೆ ಫೈಲಿನ ಶುರುವಿಗೆ ಸೇರುವ ಕಾಣದ ಗುರುತು, ಇರುವುದು ಬೇಡ. ಕೊನೆಯ ಸಾಲಿನಲ್ಲಿ ಪಿ-ಎ-ಯು-ಎಸ್-ಇ ಹಾಕಿ. ಏನಾದರೂ ತಪ್ಪಿದ್ದರೆ ಓದುವ ತನಕ ಕಿಟಕಿ ಮುಚ್ಚುವುದಿಲ್ಲ. ಫೈಲಿನ ಹೆಸರು ಡಾಟ್ ಬಿಎಟಿ ಅಂತ ಮುಗಿಯಬೇಕು, ಆಗಲೇ ವಿಂಡೋಸ್ ಅದರೊಳಗಿನ ಆಜ್ಞೆಗಳನ್ನು ಓಡಿಸುತ್ತದೆ. ಕೆಳಗೆ ‘ಆಲ್ ಫೈಲ್ಸ್’ ಆರಿಸದಿದ್ದರೆ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ.

ಓಡಿಸುವ ಮೊದಲು ಇದೇ ರೀತಿ ಇನ್ನೊಂದು ಫೈಲ್ ಮಾಡಿ. ಅದರಲ್ಲಿ ಹೊಸ ಹೆಸರು ಮೊದಲು, ಹಳೆಯದು ಆಮೇಲೆ. ಇದೇ ವಾಪಸ್ ಬರುವ ದಾರಿ. ಎರಡನ್ನೂ ಫೋಟೊ ಇರುವ ಫೋಲ್ಡರಿನಲ್ಲೇ ಇಟ್ಟು, ಮೊದಲನೆಯದರ ಮೇಲೆ ಡಬಲ್ ಕ್ಲಿಕ್ ಮಾಡಿ. ಎರಡು ಫೈಲಿಗೆ ಒಂದೇ ಹೊಸ ಹೆಸರು ಬಂದಿದ್ದರೆ ಎರಡನೆಯದು ಬದಲಾಗುವುದಿಲ್ಲ, ಫೋಟೊ ಮಾತ್ರ ಹಾಗೇ ಉಳಿಯುತ್ತದೆ.

ಈಗ ಹುಡುಕುವ ಜಾಗದಲ್ಲಿ 1968-08 ಅಂತ ಹೊಡೆದರೆ ಧ್ವಜವಂದನೆಯ ಏಳು ಫೋಟೊ ಬರುತ್ತವೆ. ಮೂರನೆಯದರಲ್ಲಿ ಎಡತುದಿಗೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರು ನಮ್ಮ ಮಾವ.