ಮೂರು ಟಬ್ ನೀರು, ಸಾವಿರದಿನ್ನೂರು ತಟ್ಟೆ: ಕಾನ್ಫರೆನ್ಸ್ ಮಾಡಿದ ನನ್ನ ಅನುಭವ

2024ರ ಡಿಸೆಂಬರಲ್ಲಿ ಬೆಂಗಳೂರಲ್ಲಿ ಆದ ಒಂದು ಇಂಟರ್‌ನ್ಯಾಷನಲ್ ಸೈನ್ಸ್ ಕಾನ್ಫರೆನ್ಸಲ್ಲಿ ಊಟ, ನೀರು, ಕಸ ಮೂರೂ ನನ್ನ ಪಾಲಿಗೆ ಬಂದಿತ್ತು. ಮೂರು ದಿನ, ಸಾವಿರದಿನ್ನೂರು ಜನ, ಪರಿಸರಕ್ಕೆ ಆದಷ್ಟು ಕಡಿಮೆ ಹೊರೆ ಆಗೋ ಹಾಗೆ ಮಾಡ್ಬೇಕು ಅನ್ನೋದು ಗುರಿ. ತಯಾರಿ ಶುರು ಮಾಡಿದ್ದು ಮಾರ್ಚಲ್ಲಿ, ಆ ಮಾರ್ಚು ಬೆಂಗಳೂರಲ್ಲಿದ್ದ ಯಾರೂ ಮರೆತಿರಲ್ಲ, ಬೋರ್‌ವೆಲ್ ಬತ್ತಿ ಟ್ಯಾಂಕರ್ ರೇಟು ಎಲ್ಲಿಗೋ ಹೋಗಿ ಕೊನೆಗೆ ಜಿಲ್ಲಾಡಳಿತನೇ ರೇಟ್ ಫಿಕ್ಸ್ ಮಾಡಬೇಕಾಯ್ತು. ಹಾಗಾಗಿ ಮೊದಲ ಮೀಟಿಂಗಲ್ಲೇ ನನಗೆ ಹೊಟ್ಟೇಲಿ ಸಂಕಟ, ಇಷ್ಟು ಜನರನ್ನ ಕರೆದು ಅವ್ರ ಕೈಗೆ ನೀರು ಎಲ್ಲಿಂದ ಕೊಡೋದು ಅಂತ.

ಆದ್ರೆ ಮೊದಲು ಫ್ಲೈಟ್ ವಿಷಯ ಹೇಳ್ಬೇಕು, ಯಾಕಂದ್ರೆ ಎಲ್ರೂ ಅದನ್ನ ಬಿಟ್ಟು ಪ್ಲಾಸ್ಟಿಕ್ ಸ್ಟ್ರಾ ಬಗ್ಗೆ ಮಾತಾಡ್ತಾರೆ. 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ ಅನ್ನೋ ಭೂವಿಜ್ಞಾನಿಗಳ ಸಂಘ ಮಾಡಿದ ಸಮ್ಮೇಳನಕ್ಕೆ ಸುಮಾರು 28,000 ಜನ ಬಂದಿದ್ರು, ಅವ್ರ ಓಡಾಟಕ್ಕೇ ಸುಮಾರು 80,000 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಹೊಗೆ ಆಯ್ತು ಅಂತ ಆಮೇಲೆ ವಿಜ್ಞಾನಿಗಳೇ ಲೆಕ್ಕ ಹಾಕಿದ್ರು. ಅದರಲ್ಲಿ ಮುಕ್ಕಾಲು ಭಾಗ ಬಂದಿದ್ದು ಬರೀ 36% ಜನರಿಂದ, ಅಂದ್ರೆ ಖಂಡ ದಾಟಿ ಬಂದವ್ರಿಂದ. ಈ ಒಂದು ಲೆಕ್ಕ ತೋರಿಸಿದ್ಮೇಲೆ ನಮ್ಮ ಕಮಿಟಿಯ ಹಿರಿಯರೂ ಸುಮ್ಮನಾದ್ರು. ಯುರೋಪಿನವ್ರು ಇಲ್ಲಿಗೆ ಹಾರಿ ಬರೋ ಬದಲು ಅಲ್ಲಿಂದಲೇ ಸೇರ್ಲಿ ಅಂತ ಅಲ್ಲಿನ ಒಂದು ಯೂನಿವರ್ಸಿಟಿಯವ್ರು ಒಂದು ಹಾಲ್ ಕೊಟ್ರು, ಸುತ್ತಮುತ್ತಲಿನವ್ರು ರೈಲಲ್ಲಿ ಬಂದು ಅಲ್ಲೇ ಸೇರಿದ್ರು. ನಮ್ಮ ಮಧ್ಯಾಹ್ನ ಎರಡೂವರೆ ಅಂದ್ರೆ ಜರ್ಮನಿ ಕಡೆ ಚಳಿಗಾಲದಲ್ಲಿ ಬೆಳಿಗ್ಗೆ ಹತ್ತು, ಹಾಗಾಗಿ ಎರಡೂ ಕಡೆ ಕೂಡಿ ಕೇಳೋ ಸೆಷನ್ ಎಲ್ಲಾ ಎರಡೂವರೆಯಿಂದ ಐದೂವರೆ ಒಳಗೆ ಇಟ್ವಿ. ವೀಸಾ ಟೈಮಿಗೆ ಸಿಗದವ್ರೂ ಆನ್‌ಲೈನಲ್ಲಿ ಪೇಪರ್ ಓದಿದ್ರು, ಪ್ರಶ್ನೆ ಕೇಳೋ ಸರದಿ ಅವ್ರದ್ದೇ ಮೊದಲು ಅಂತ ಸೆಷನ್ ನಡೆಸೋರಿಗೆಲ್ಲಾ ಹೇಳಿಟ್ಟಿದ್ವಿ. ಇಲ್ಲಾಂದ್ರೆ ಸ್ಕ್ರೀನಲ್ಲಿರೋರನ್ನ ಯಾರೂ ಕೇಳಲ್ಲ, ನೋಡಿದ್ದೀನಿ. ವಿಮಾನದ ಹೊಗೆಗೆ ಬದಲಾಗಿ ಗಿಡ ನೆಡಿಸ್ತೀವಿ ದುಡ್ಡು ಕೊಡಿ, ಸರ್ಟಿಫಿಕೇಟ್ ಕೊಡ್ತೀವಿ ಅಂತ ಒಬ್ರು ಬಂದಿದ್ರು, ನಾನು ಒಪ್ಪಲಿಲ್ಲ. ಹಾರಿದ್ದು ಹಾರಿದ್ದೇ.

ಇನ್ನು ತಟ್ಟೆ. ಕೇಟರಿಂಗ್‌ನವ್ರು ಅಡಿಕೆ ಹಾಳೆ ತಟ್ಟೆ ಹಾಕ್ತೀವಿ ಮೇಡಂ, ಇಕೋ ಫ್ರೆಂಡ್ಲಿ ಅಂದ್ರು. ಅಡಿಕೆ ಹಾಳೆ ಒಳ್ಳೇದೇ, ನಮ್ಮ ಮಲೆನಾಡಿನ ಎಷ್ಟೋ ಮನೆಗೆ ಅದರಿಂದ ಆದಾಯ ಇದೆ, ಆದ್ರೆ ದಿನಕ್ಕೆ ಎರಡು ಊಟ, ಒಂದು ತಿಂಡಿ ಅಂತ ಮೂರು ದಿನಕ್ಕೆ ಲೆಕ್ಕ ಹಾಕಿದ್ರೆ ಹತ್ತು ಸಾವಿರದ ಮೇಲೆ ತಟ್ಟೆ, ಪುಡಿ ಮಾಡದೆ ಕಾಂಪೋಸ್ಟ್ ಗುಂಡಿಗೆ ಹಾಕಿದ್ರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತೆ. ಪೇಪರ್ ಕಪ್ಪಿಗಂತೂ ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ಬೆಂಗಳೂರಲ್ಲಿ ಅದಮ್ಯ ಚೇತನ ಅನ್ನೋ ಸೇವಾ ಸಂಸ್ಥೆಯವ್ರ ಪ್ಲೇಟ್ ಬ್ಯಾಂಕ್ ಇದೆ, ಕಾರ್ಯಕ್ರಮಗಳಿಗೆ ಸ್ಟೀಲ್ ತಟ್ಟೆ, ಲೋಟ, ಚಮಚ ಕೊಟ್ಟು ವಾಪಸ್ ತಗೋತಾರೆ, ಆ ದಾರಿ ಹಿಡಿದ್ವಿ, ಸಾಲದ್ದು ಬಾಡಿಗೆಗೆ ತಂದ್ವಿ.

ಆಗ ಎಲ್ರದ್ದೂ ಒಂದೇ ಪ್ರಶ್ನೆ, ನೀರಿಲ್ಲದ ಊರಲ್ಲಿ ತಟ್ಟೆ ತೊಳೆಯೋದಾ? ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟಿದ್ದು ನಾನಲ್ಲ, ಪಾತ್ರೆ ತೊಳೆಯೋಕೆ ಬಂದಿದ್ದ ಒಬ್ಬ ಅಕ್ಕ. "ನಲ್ಲಿ ಬಿಟ್ಕೊಂಡು ತೊಳದ್ರೆ ಎಷ್ಟ್ ಟ್ಯಾಂಕರ್ ತರ್ಸಿದ್ರೂ ಸಾಕಾಗಲ್ಲಮ್ಮ, ಮೂರು ಟಬ್ ಇಡ್ಸಿ" ಅಂದ್ರು. ಮೊದಲು ಉಳಿದ ಅನ್ನ, ಸಾರು ಕೈಯಲ್ಲೇ ಬಳಿದು ಹಸಿ ಕಸದ ಬಕೆಟ್ಟಿಗೆ, ಒಂದನೇ ಟಬ್ಬಲ್ಲಿ ಸೋಪು ನೀರು, ಎರಡನೇದ್ರಲ್ಲಿ ಜಾಲಾಡೋದು, ಮೂರನೇದು ಕುದಿಯೋ ಬಿಸಿನೀರು. ಒಂದನೇ ಟಬ್ಬು ಕೊಳೆಯಾದಾಗ ಅದನ್ನ ಚೆಲ್ಲಿ ಎರಡನೇದ್ರ ನೀರು ಅಲ್ಲಿಗೆ, ಮೂರನೇದ್ರ ನೀರು ಎರಡನೇದಕ್ಕೆ, ಹೊಸ ನೀರು ಮೂರನೇದಕ್ಕೆ ಮಾತ್ರ. ಅಕ್ಕ ಬೆರಳಲ್ಲಿ ತಟ್ಟೆ ಅಂಚು ಉಜ್ಜಿ ನೋಡೋರು, ಜಿಡ್ಡು ಅಂಟಿದ್ರೆ ಬಿಸಿನೀರಿನ ಟಬ್ಬಿಗೆ ಬಿಡ್ತಾನೇ ಇರಲಿಲ್ಲ, ತಿರುಗಿ ಸೋಪಿಗೆ ಕಳಿಸೋರು. ಕುಡಿಯೋಕೆ 20 ಲೀಟರ್ ಕ್ಯಾನ್, ಪುಟ್ಟ ಬಾಟಲ್ ಒಂದೂ ಇಲ್ಲ. ನೀರು ಶುದ್ಧ ಮಾಡೋ ಆರ್‌ಓ ಮಷೀನಿಂದ ಹೊರಗೆ ಹೋಗೋ ನೀರನ್ನ ಡ್ರಮ್ಮಲ್ಲಿ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿದ್ವಿ.

ಮೆನುವಲ್ಲಿ ನಾನು ಜಗಳ ಆಡಿದ್ದು ಪನೀರಿಗೆ. ವೆಜ್ ಅಂದ ತಕ್ಷಣ ಪರಿಸರಕ್ಕೆ ಒಳ್ಳೇದು ಅಂದ್ಕೋತೀವಿ, ಹಾಲಿಗೂ ಹಸು ಬೇಕು, ಹಸು ಬಿಡೋ, ಭೂಮಿ ಬಿಸಿ ಮಾಡೋ ಮೀಥೇನ್ ಅನಿಲ ಪನೀರಿನ ಲೆಕ್ಕದಲ್ಲೂ ಬರುತ್ತೆ. ಡಿಸೆಂಬರ್ ಅಂದ್ರೆ ಅವರೆಕಾಯಿ ಕಾಲ, ಹಿತಕಿದಬೇಳೆ ಸಾರು, ಚಿಕ್ಕ ಚಿಕ್ಕ ರಾಗಿ ಮುದ್ದೆ, ಹುರುಳಿಕಾಳು ಬಸ್ಸಾರು ಮಾಡಿಸಿದ್ವಿ. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ನಮ್ಮ ವಾಲಂಟಿಯರ್ ಹುಡುಗರು ಒಬ್ಬೊಬ್ಬರಿಗೂ ತೋರಿಸಿಕೊಟ್ರು. ತಟ್ಟೇಲಿ ಬಿಟ್ಟ ಅನ್ನ ತೂಕ ಮಾಡಿ ಬಾಗಿಲಲ್ಲಿ ಬೋರ್ಡ್ ಮೇಲೆ ಬರೆದ್ವಿ, ಯಾರನ್ನೂ ಬೈಯ್ಯದೆ, ಬರೀ ಕೆಜಿ. ಮೂರನೇ ದಿನಕ್ಕೆ ಕಣ್ಣಿಗೆ ಕಾಣೋ ಹಾಗೆ ಇಳೀತು.

ಈಗ ನನಗೆ ಇವತ್ತಿಗೂ ನೋಯೋ ವಿಷಯ. ಮೊದಲ್ನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಸ್ಟೋರ್ ರೂಮ್ ಹಿಂದೆ ಹೋದ್ರೆ ಹೌಸ್‌ಕೀಪಿಂಗ್ ಹೆಂಗಸರು ಕಾರ್ಡ್‌ಬೋರ್ಡ್ ಹಾಸ್ಕೊಂಡು ನೆಲದ ಮೇಲೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂತಿದ್ರು. ಹಾಲಲ್ಲಿ ಅಷ್ಟೊಂದು ಊಟ ಉಳಿದಿದೆ. ಕೇಳಿದ್ರೆ, ಅದು ಗೆಸ್ಟಿಗೆ ಮೇಡಂ, ಮುಟ್ಟಬಾರದು ಅಂತ ಗುತ್ತಿಗೆದಾರರು ಹೇಳಿದ್ದಾರೆ ಅಂದ್ರು. ಸಸ್ಟೇನಬಲ್ ಅಂತ ಬಟ್ಟೆ ಬ್ಯಾನರ್ ಮೇಲೆ ಬರೆಸಿದ್ದು ನಾನೇ, ಕಸ ಬೇರೆ ಮಾಡೋ ಕೈಗೆ ಊಟ ಇದೆಯಾ ಅಂತ ಕೇಳಿರಲಿಲ್ಲ. ಅವತ್ತು ಸಂಜೆನೇ ಕೂತು ಮಾತಾಡಿ ಬದಲಾಯಿಸಿದ್ವಿ: ಮಾರನೇ ದಿನದಿಂದ ಅದೇ ಊಟ, ಅದೇ ಸ್ಟೀಲ್ ತಟ್ಟೆ, ಒಂದು ಗಂಟೆಗೇ, ಕುರ್ಚಿ ಮೇಜು ಹಾಕಿ. ಕಸ ಬೇರ್ಪಡಿಸೋರಿಗೆ ಗ್ಲೌಸು, ನಿಂತು ಕೆಲಸ ಮಾಡೋ ಎತ್ತರದ ಟೇಬಲ್ಲು, ರಾತ್ರಿ ಎಂಟರ ಮೇಲೆ ಉಳಿದ್ರೆ ಓವರ್‌ಟೈಮ್ ದುಡ್ಡು ಮತ್ತು ಮನೆಗೆ ಬಿಡೋಕೆ ಗಾಡಿ.

ಆಮೇಲೆ ಕಸದ ಕೆಲಸನೂ ಸರಿಹೋಯ್ತು. ಬಿನ್ ಪಕ್ಕ ಅವ್ರನ್ನೇ ನಿಲ್ಲಿಸಿ, ಯಾವುದು ಎಲ್ಲಿಗೆ ಅಂತ ಅವ್ರೇ ಹೇಳ್ಕೊಡೋ ಹಾಗೆ ಮಾಡಿದ್ವಿ. ಟಿಶ್ಯೂ ಹಿಡ್ಕೊಂಡು ಗೊಂದಲದಲ್ಲಿ ನಿಂತ ಒಬ್ಬ ಪ್ರೊಫೆಸರ್‌ಗೆ ಮೂರು ಟಬ್ ಇಡ್ಸಿದ ಅದೇ ಅಕ್ಕ ಹಸಿ ಕಸದ ಬಿನ್ ಕಡೆ "ಹಸಿರು ಸಾರ್, ಹಸಿರಿಗೆ" ಅಂತ ಕೈ ತೋರಿಸಿದ್ರು.

ಈಗ ನಾನು ಯಾರಿಗಾದ್ರೂ ಕಾಂಟ್ರಾಕ್ಟ್ ಡ್ರಾಫ್ಟ್ ಮಾಡಿಕೊಟ್ರೆ ಹೌಸ್‌ಕೀಪಿಂಗ್‌ನವ್ರ ಊಟದ ಟೈಮು, ಕೂರೋ ಜಾಗ, ಓವರ್‌ಟೈಮ್ ರೇಟು ಮೊದಲ ಪುಟದಲ್ಲೇ ಇರುತ್ತೆ, ತಟ್ಟೆ ಬಾಟಲ್ ವಿಷಯ ಎರಡನೇ ಪುಟಕ್ಕೆ.