ಮಿಲ್ಲಿಂಗ್ ಮಷಿನ್ ಸಿಎನ್‌ಸಿ ಮಾಡಿದ್ಮೇಲೆ ಎಕ್ಸ್ ಆ್ಯಕ್ಸಿಸ್ ಜರುಗ್ತಿತ್ತು, ಸರಿ ಹೋದದ್ದು ಹೀಗೆ

ಕೈಯಲ್ಲಿ ತಿರುಗಿಸೋ ಸಣ್ಣ ಮಿಲ್ಲಿಂಗ್ ಮಷಿನ್‌ಗೆ ಬಾಲ್ ಸ್ಕ್ರೂ (ಟೇಬಲ್ ಸರಿಸೋ ತಿರುಪು), ಸ್ಟೆಪ್ಪರ್ ಮೋಟರ್ (ಒಂದೊಂದೇ ಸ್ಟೆಪ್ ತಿರುಗೋ ಮೋಟರ್) ಎಲ್ಲಾ ಹಾಕಿ ಕಂಪ್ಯೂಟರ್‌ನಿಂದ ಮಷಿನ್ ಓಡಿಸೋ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿಗೆ ಜೋಡಿಸಿದೆ, ಓಡ್ತು, ಆದ್ರೆ ದೊಡ್ಡ ಪಾಕೆಟ್ (ಗುಳಿ) ಕಟ್ ಮಾಡಿದ್ರೆ ಎಕ್ಸ್, ಅಂದ್ರೆ ಟೇಬಲ್ ಎಡಕ್ಕೆ ಬಲಕ್ಕೆ ಓಡೋದು, ನಿಧಾನಕ್ಕೆ ಒಂದೇ ಕಡೆಗೆ ಜರುಗ್ತಾ ಹೋಗ್ತಿತ್ತು. ನೋಡಿದವರೆಲ್ಲ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗ ಸ್ಕ್ರೂನಲ್ಲಿರೋ ಸಡಿಲ) ಅಂದ್ರು. ಬ್ಯಾಕ್‌ಲ್ಯಾಶ್ ಎಷ್ಟಿದ್ರೂ ಅಷ್ಟೇ ಇರುತ್ತೆ ಕಣ್ರೀ, ಕೂಡ್ತಾ ಹೋಗಲ್ಲ!

ಮೋಟರ್‌ನ ಬಾಲ್ ಸ್ಕ್ರೂಗೆ ಸೇರಿಸೋ ಕಪ್ಲಿಂಗ್‌ನ ಸ್ಕ್ರೂ ಬಿಗಿಯಾಗೇ ಇತ್ತು. ಆಮೇಲೆ ಟೇಬಲ್‌ಗೆ ಡಯಲ್ ಗೇಜ್ (ಎಷ್ಟು ಜರುಗಿದೆ ಅಂತ ಮುಳ್ಳಲ್ಲಿ ತೋರಿಸೋದು) ತಾಗಿಸಿ ಸೊನ್ನೆ ಮಾಡಿ, 10 ಮಿಮೀ ಹಿಂದೆ ಮುಂದೆ 100 ಸಲ ಓಡೋ ಪ್ರೋಗ್ರಾಂ ಹಾಕಿದೆ, ವಾಪಸ್ ಬಂದಾಗ ಮುಳ್ಳು ಸೊನ್ನೆಗೆ ಬರ್ಲಿಲ್ಲ. ಸ್ಪೀಡ್ ಅರ್ಧ ಮಾಡಿದ್ರೂ ಅಷ್ಟೇ ವ್ಯತ್ಯಾಸ, ಅದೇ ಒಂದೇ ಸಲ ಉದ್ದಕ್ಕೆ ಹೋಗಿ ಬಂದ್ರೆ ಏನೂ ಇಲ್ಲ. ಅಂದ್ರೆ ಮೋಟರ್ ಶಕ್ತಿ ಸಾಲ್ತಿಲ್ಲ ಅಂತಲ್ಲ, ದಿಕ್ಕು ಬದಲಾಗುವಾಗ್ಲೇ ಸ್ಟೆಪ್ ತಪ್ತಿದೆ. ಸ್ಕ್ರೂ ಒಂದು ಸುತ್ತಿಗೆ 5 ಮಿಮೀ (ಪಿಚ್), ಮೋಟರ್ ಒಂದು ಸುತ್ತಿಗೆ 1600 ಮೈಕ್ರೋಸ್ಟೆಪ್ ಅಂದ್ರೆ ಒಂದು ಸ್ಟೆಪ್ ಬರೀ 0.003 ಮಿಮೀ, ಕಣ್ಣಿಗೆಲ್ಲಿ ಕಾಣ್ಬೇಕು.

ಮೋಟರ್ ನಡೆಸೋ ಡ್ರೈವರ್‌ಗೆ ಡೈರೆಕ್ಷನ್ (ದಿಕ್ಕಿನ) ಸಿಗ್ನಲ್, ಒಂದೊಂದು ಸ್ಟೆಪ್ ಹಾಕು ಅನ್ನೋ ಸ್ಟೆಪ್ ಪಲ್ಸ್‌ಗಿಂತ ಕೆಲವು ಮೈಕ್ರೋಸೆಕೆಂಡ್ ಮುಂಚೆ ಬರ್ಬೇಕು. ಇಲ್ಲಿ ಸ್ಟೆಪ್ ಪಿನ್ ಪೊಲಾರಿಟಿ ಉಲ್ಟಾ ಇತ್ತು, ಡ್ರೈವರ್ ಪಲ್ಸ್‌ನ ಬೇರೆ ಅಂಚು ನೋಡ್ತಿತ್ತು, ಹಾಗಾಗಿ ಆ ಅಂತರ ಸಿಗ್ತಿರ್ಲಿಲ್ಲ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಸ್ಟೆಪ್ ಪಿನ್‌ಗೆ ಇನ್ವರ್ಟ್ (ಉಲ್ಟಾ ಮಾಡು) ಟಿಕ್ ಹಾಕಿ, ಡೈರೆಕ್ಷನ್ ಸೆಟಪ್ ಟೈಮ್ 20000 ನ್ಯಾನೋಸೆಕೆಂಡ್ ಕೊಟ್ಟೆ, ಮುಳ್ಳು ಈಗ ನೆಟ್ಟಗೆ ಸೊನ್ನೆಗೇ ಬರುತ್ತೆ. ವೈ, ಝಡ್‌ಗೂ ಅದೇ ಸೆಟ್ಟಿಂಗ್ ಹಾಕ್ಬಿಟ್ಟೆ.