ಫೋಟೊದಲ್ಲಿರುವ ಗಾಜಿನ ಲೋಟವನ್ನು ಬೇರೆ ಹಿನ್ನೆಲೆಗೆ ಸಾಗಿಸುವುದು ಹೇಗೆ?

ಮನುಷ್ಯರನ್ನೋ ಕುರ್ಚಿಯನ್ನೋ ಫೋಟೊದಿಂದ ಬೇರ್ಪಡಿಸುವುದು ಈಗ ಒಂದು ಬಟನ್ ಒತ್ತಿದಷ್ಟೇ ಸುಲಭ. ಫೋಟೊಶಾಪ್‌ನ ‘ಸೆಲೆಕ್ಟ್ ಸಬ್ಜೆಕ್ಟ್’ ಗಾಜಿನ ಲೋಟದ ಹೊರಗೆರೆಯನ್ನೂ ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸುತ್ತದೆ. ತೊಂದರೆ ಶುರುವಾಗುವುದು ಆ ಲೋಟವನ್ನು ಹೊಸ ಹಿನ್ನೆಲೆಯ ಮೇಲೆ ಇಟ್ಟಾಗ. ನೀಲಿ ಗೋಡೆಯ ಮುಂದೆ ತೆಗೆದ ಲೋಟವನ್ನು ಹಸಿರು ತೋಟದ ಚಿತ್ರಕ್ಕೆ ತಂದರೆ, ಗಾಜಿನೊಳಗೆ ಆ ನೀಲಿ ಗೋಡೆಯೂ ಜೊತೆಗೇ ಬಂದಿರುತ್ತದೆ. ಅಂಚನ್ನು ಎಷ್ಟೇ ನಾಜೂಕಾಗಿ ಕತ್ತರಿಸಿದ್ದರೂ ಲೋಟ ಅಂಟಿಸಿದ ಸ್ಟಿಕರ್‌ನಂತೆ ಕಾಣುತ್ತದೆ.

ಬಣ್ಣವಿಲ್ಲದ ಗಾಜಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮೂರು ಸಂಗತಿಗಳು: ಮೇಲ್ಮೈಯಿಂದ ಪ್ರತಿಫಲಿಸುವ ಹೊಳಪು, ಬೆಳಕು ಬಾಗುವುದರಿಂದ ಅಂಚಿನಲ್ಲಿ ಮೂಡುವ ಕಪ್ಪು ಗೆರೆ ಮತ್ತು ಗಾಜನ್ನು ತೂರಿ ಬರುವ ಹಿನ್ನೆಲೆ. ಮೊದಲಿನ ಎರಡನ್ನು ಉಳಿಸಿಕೊಂಡು ಮೂರನೆಯದನ್ನು ತೆಗೆದುಹಾಕಬೇಕು. ಹಾಗಾಗಿ ಹೊರಗೆರೆ ಎಳೆಯುವುದು ಇಲ್ಲಿ ಸಣ್ಣ ಕೆಲಸ. ಗಾಜಿನ ಒಳಭಾಗವೇ ನಿಜವಾದ ಕೆಲಸ. ಇಲ್ಲಿ ಹೇಳುವ ಕ್ರಮ ಫೋಟೊಶಾಪ್‌ಗೆ ಸಂಬಂಧಿಸಿದ್ದು. ಉಚಿತವಾಗಿ ಸಿಗುವ ಗಿಂಪ್ ಮತ್ತು ಬ್ರೌಸರ್‌ನಲ್ಲಿಯೇ ತೆರೆದುಕೊಳ್ಳುವ ಫೋಟೊಪಿಯಾದಲ್ಲಿಯೂ ಇದಕ್ಕೆ ಬೇಕಾದ ಬ್ಲೆಂಡಿಂಗ್ ಮೋಡ್‌ಗಳು, ಅಂದರೆ ಮೇಲಿನ ಚಿತ್ರ ಕೆಳಗಿನದರೊಂದಿಗೆ ಬೆರೆಯುವ ಬಗೆಗಳು, ಇರುವುದರಿಂದ ಅಲ್ಲಿಯೂ ಇದೇ ದಾರಿ ಹಿಡಿಯಬಹುದು.

ಹೊರಗೆರೆ

ಮ್ಯಾಜಿಕ್ ವ್ಯಾಂಡ್ ಕೈಗೆತ್ತಿಕೊಳ್ಳಬೇಡಿ. ಅದು ಒಂದೇ ತರಹದ ಬಣ್ಣಗಳನ್ನು ಹುಡುಕಿ ಆಯ್ಕೆ ಮಾಡುವ ಸಾಧನ. ಗಾಜಿನ ಒಳಗೂ ಹೊರಗೂ ಬಣ್ಣ ಹೆಚ್ಚುಕಡಿಮೆ ಒಂದೇ ಆಗಿರುವಾಗ ಅದಕ್ಕೆ ಗಡಿ ತಿಳಿಯುವುದಿಲ್ಲ. ಪೆನ್ ಟೂಲ್‌ನಿಂದ ಪಾತ್, ಅಂದರೆ ಬಿಂದುಗಳನ್ನು ಜೋಡಿಸುವ ಗೆರೆ, ಎಳೆಯಿರಿ. ಲೋಟದ ಬಾಯಿ ಅಂಡಾಕಾರವಾಗಿ ಕಾಣುವುದರಿಂದ ಅದರ ಎಡತುದಿ, ಬಲತುದಿ, ಮೇಲಿನ ನಡು, ಕೆಳಗಿನ ನಡು ಇವಿಷ್ಟಕ್ಕೆ ಬಿಂದು ಇಟ್ಟರೆ ಸಾಕು. ಬಿಂದುಗಳು ಹೆಚ್ಚಿದಷ್ಟೂ ಗೆರೆ ಅಂಕುಡೊಂಕಾಗುತ್ತದೆ. ಕಂಟ್ರೋಲ್ ಮತ್ತು ಎಂಟರ್ ಒತ್ತಿದರೆ ಪಾತ್ ಆಯ್ಕೆಯಾಗಿ ಬದಲಾಗುತ್ತದೆ. ಅಂಚು ಮೃದುವಾಗಲು ಅರ್ಧ ಪಿಕ್ಸೆಲ್‌ನಷ್ಟು ಫೆದರ್ ಕೊಟ್ಟು, ಕಂಟ್ರೋಲ್ ಜೆ ಒತ್ತಿ ಲೋಟವನ್ನು ಹೊಸ ಲೇಯರ್‌ಗೆ (ಒಂದರ ಮೇಲೊಂದು ಇಡುವ ಪದರಕ್ಕೆ) ತನ್ನಿ. ಹೊಸ ಹಿನ್ನೆಲೆಯ ಚಿತ್ರವನ್ನು ಅದರ ಕೆಳಗಿಡಿ.

ನೆರಳು ಒಂದು ಲೇಯರ್, ಹೊಳಪು ಇನ್ನೊಂದು

ಈಗ ಲೋಟದ ಲೇಯರ್‌ನ ಇನ್ನೊಂದು ಪ್ರತಿ ಮಾಡಿ. ಕೆಳಗಿನದಕ್ಕೆ ‘ನೆರಳು’, ಮೇಲಿನದಕ್ಕೆ ‘ಹೊಳಪು’ ಎಂದು ಹೆಸರಿಡಿ. ಗಾಜು ಬಣ್ಣರಹಿತವಾಗಿದ್ದರೆ ಎರಡನ್ನೂ ಡಿಸ್ಯಾಚುರೇಟ್ ಮಾಡಿ, ಅಂದರೆ ಕಪ್ಪು–ಬಿಳುಪಾಗಿಸಿ; ಹಳೆಯ ಹಿನ್ನೆಲೆಯ ಬಣ್ಣ ಅಲ್ಲಿಗೇ ಕಳೆದುಹೋಗುತ್ತದೆ. ಹಸಿರು ಬಾಟಲಿಯಂತಹ ಬಣ್ಣದ ಗಾಜಾದರೆ ನೆರಳಿನ ಲೇಯರ್‌ನ ಬಣ್ಣವನ್ನು ಮುಟ್ಟಬೇಡಿ.

ನೆರಳಿನ ಲೇಯರ್‌ಗೆ ‘ಮಲ್ಟಿಪ್ಲೈ’ ಮೋಡ್ ಕೊಡಿ. ಈ ಮೋಡ್‌ನಲ್ಲಿ ಅಚ್ಚ ಬಿಳಿ, ಅಂದರೆ 0 (ಕಪ್ಪು) ಇಂದ 255ರವರೆಗಿನ ಅಳತೆಯಲ್ಲಿ 255, ಕಾಣದಂತಾಗುತ್ತದೆ. ಅದಕ್ಕಿಂತ ಗಾಢವಾದುದೆಲ್ಲ ಕೆಳಗಿನ ಚಿತ್ರವನ್ನು ಕಪ್ಪಾಗಿಸುತ್ತದೆ. ಚಿತ್ರದ ಕಪ್ಪು–ಬಿಳುಪಿನ ಮಟ್ಟ ಬದಲಿಸುವ ಲೆವೆಲ್ಸ್ ತೆರೆದು ಬಲಗಡೆಯ ಬಿಳಿ ಸ್ಲೈಡರನ್ನು ನಿಧಾನವಾಗಿ ಎಡಕ್ಕೆ ಎಳೆಯಿರಿ. ಗಾಜಿನ ನಡುವೆ ತುಂಬಿಕೊಂಡಿದ್ದ ಬೂದುಬಣ್ಣ ತಿಳಿಯಾಗುತ್ತ ಹೋಗಿ, ಒಂದು ಹಂತದಲ್ಲಿ ಹೊಸ ಹಿನ್ನೆಲೆ ಅಲ್ಲಿ ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ. ಅಂಚಿನ ಕಪ್ಪು ಗೆರೆ, ತಳದ ಗಾಢ ಬಳೆ ಮಾತ್ರ ಉಳಿದಿರುತ್ತವೆ. ಅಲ್ಲಿ ನಿಲ್ಲಿಸಿ. ಇನ್ನೂ ಎಳೆದರೆ ಅಂಚು ಸವೆದುಹೋಗಿ ಲೋಟವೇ ಮಾಯವಾಗುತ್ತದೆ.

ಹೊಳಪಿನ ಲೇಯರ್‌ಗೆ ‘ಸ್ಕ್ರೀನ್’ ಮೋಡ್. ಇಲ್ಲಿ ಅಚ್ಚ ಕಪ್ಪು ಕಾಣದಂತಾಗುತ್ತದೆ. ಆದ್ದರಿಂದ ಲೆವೆಲ್ಸ್‌ನ ಎಡಗಡೆಯ ಕಪ್ಪು ಸ್ಲೈಡರನ್ನು ಬಲಕ್ಕೆ ಎಳೆಯಿರಿ. ಕಿಟಕಿಯ ಪ್ರತಿಬಿಂಬ, ಬಾಯಂಚಿನ ಮಿಂಚು ಇಷ್ಟೇ ಉಳಿಯಲಿ. ಗಾಜಿಗೆ ಜೀವ ಬರುವುದು ಈ ಹಂತದಲ್ಲಿ. ಈ ಲೇಯರ್‌ನ ಕಣ್ಣಿನ ಗುರುತನ್ನು ಒಮ್ಮೆ ಮುಚ್ಚಿ, ಮತ್ತೆ ತೆರೆದು ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಮುಚ್ಚಳ, ಲೇಬಲ್‌ನಂತಹ ಅಪಾರದರ್ಶಕ ಭಾಗಗಳಿದ್ದರೆ ಮೂರನೆಯ ಪ್ರತಿಯೊಂದನ್ನು ನಾರ್ಮಲ್ ಮೋಡ್‌ನಲ್ಲಿ ಮೇಲಿಟ್ಟು, ಕಪ್ಪು ಮಾಸ್ಕ್ ಹಾಕಿ (ಮಾಸ್ಕ್‌ನ ಕಪ್ಪು ಲೇಯರನ್ನು ಮರೆಮಾಡುತ್ತದೆ, ಬಿಳಿ ತೋರಿಸುತ್ತದೆ), ಆ ಭಾಗಗಳ ಮೇಲೆ ಮಾತ್ರ ಬಿಳಿ ಬ್ರಷ್ ಆಡಿಸಿ.

ಹಳೆಯ ಹಿನ್ನೆಲೆ ಒಂದೇ ಬಣ್ಣದ್ದಾಗಿದ್ದರೆ ಈ ವಿಧಾನ ಚೆನ್ನಾಗಿ ಒದಗಿಬರುತ್ತದೆ. ಗಾಜಿನ ಹಿಂದೆ ಪುಸ್ತಕದ ಕಪಾಟೋ ಜನಜಂಗುಳಿಯೋ ಇದ್ದರೆ ಯಾವ ಸ್ಲೈಡರ್‌ನಿಂದಲೂ ಪ್ರಯೋಜನವಿಲ್ಲ. ಕಪಾಟಿನ ಕಪ್ಪು ಯಾವುದು, ಗಾಜಿನ ಕಪ್ಪು ಯಾವುದು ಎಂಬ ಮಾಹಿತಿಯೇ ಆ ಒಂದು ಫೋಟೊದಲ್ಲಿ ಇರುವುದಿಲ್ಲ. ಅಂತಹ ಚಿತ್ರದೊಂದಿಗೆ ಗುದ್ದಾಡುವ ಬದಲು ಮತ್ತೆ ಫೋಟೊ ತೆಗೆಯುವುದೇ ಮೇಲು.

ಮತ್ತೆ ತೆಗೆಯುವುದಾದರೆ ಎರಡು ಫೋಟೊ

ವಸ್ತುವನ್ನು ಎರಡು ಬೇರೆ ಬೇರೆ ಹಿನ್ನೆಲೆಗಳ ಮುಂದೆ ಚಿತ್ರೀಕರಿಸಿದರೆ ಅದರ ಪಾರದರ್ಶಕತೆಯನ್ನು ಲೆಕ್ಕ ಹಾಕಿಯೇ ಪಡೆಯಬಹುದು ಎಂಬುದನ್ನು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಆಲ್ವಿ ರೇ ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ 1996ರ ಪ್ರಬಂಧವೊಂದರಲ್ಲಿ ತೋರಿಸಿಕೊಟ್ಟರು. ಮನೆಯ ಮೇಜಿನ ಮೇಲೂ ಇದನ್ನು ಮಾಡಬಹುದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುಯಲ್‌ಗೆ ಹಾಕಿ. ಹಿಂದೆ ಬಿಳಿ ಹಲಗೆ ಇಟ್ಟು ಒಂದು ಚಿತ್ರ, ಲೋಟವನ್ನು ಕೂದಲೆಳೆಯಷ್ಟೂ ಅಲುಗಿಸದೆ ಹಲಗೆಯ ಜಾಗದಲ್ಲಿ ಕಪ್ಪು ಮಖಮಲ್ ಬಟ್ಟೆ ಇಟ್ಟು ಇನ್ನೊಂದು ಚಿತ್ರ. ಬಿಳಿ ಹಲಗೆ 255ರ ಸಮೀಪಕ್ಕೆ ಬರಲಿ, ಆದರೆ ಅತಿಯಾಗಿ ಬೆಳಗಬಾರದು. ಬೆಳಗಿದರೆ ಗಾಜಿನ ತೆಳು ಛಾಯೆಗಳು ಅಳಿಸಿಹೋಗುತ್ತವೆ. ಹಲಗೆ ದೊಡ್ಡದಿರುವುದು ತುಂಬ ಮುಖ್ಯ. ಗಾಜಿನ ಅಂಚು ಪಕ್ಕದ ದೃಶ್ಯವನ್ನೂ ಬಾಗಿಸಿ ತೋರಿಸುತ್ತದೆ; ಅಲ್ಲಿ ಹಲಗೆ ಮುಗಿದು ಕತ್ತಲಿದ್ದರೆ ಆ ಅಂಚು ಎರಡೂ ಚಿತ್ರಗಳಲ್ಲಿ ಕಪ್ಪಾಗಿಯೇ ಬಂದು, ಪೂರ್ತಿ ಅಪಾರದರ್ಶಕ ಎಂದು ಲೆಕ್ಕಕ್ಕೆ ಸಿಗುತ್ತದೆ.

ಎರಡು ಚಿತ್ರಗಳನ್ನೂ ಒಂದೇ ಫೈಲ್‌ನಲ್ಲಿ ಒಂದರ ಮೇಲೊಂದು ಇಡಿ. ಎರಡರದ್ದೂ ಒಂದೊಂದು ಪ್ರತಿ ತೆಗೆದಿಟ್ಟುಕೊಂಡು, ಮೇಲಿನ ಕಪ್ಪು ಹಿನ್ನೆಲೆಯ ಚಿತ್ರಕ್ಕೆ ‘ಡಿಫರೆನ್ಸ್’ ಮೋಡ್ ಕೊಟ್ಟು ಕೆಳಗಿನ ಬಿಳಿ ಹಿನ್ನೆಲೆಯ ಚಿತ್ರದೊಂದಿಗೆ ಮರ್ಜ್ ಮಾಡಿ (ಒಂದೇ ಲೇಯರ್ ಆಗಿ ಸೇರಿಸಿ). ಬರುವ ಚಿತ್ರದಲ್ಲಿ ಬೆಳಕು ಪೂರ್ತಿ ದಾಟಿದ ಕಡೆ ಬಿಳಿ, ತಡೆಯಾದ ಕಡೆ ಕಪ್ಪು ಇರುತ್ತದೆ. ಹೊಸ ಹಿನ್ನೆಲೆಯ ಮೇಲೆ ಇದನ್ನು ‘ಮಲ್ಟಿಪ್ಲೈ’ ಮೋಡ್‌ನಲ್ಲಿ ಇಡಿ. ಅದರ ಮೇಲೆ ಕಪ್ಪು ಹಿನ್ನೆಲೆಯ ಚಿತ್ರದ ಪ್ರತಿಯನ್ನು ‘ಲೀನಿಯರ್ ಡಾಡ್ಜ್’ ಮೋಡ್‌ನಲ್ಲಿ ಇಡಿ. ಗಿಂಪ್‌ನಲ್ಲಿ ಈ ಮೋಡ್‌ನ ಹೆಸರು ‘ಅಡಿಷನ್’. ಹಿನ್ನೆಲೆಗಳು ಅಚ್ಚ ಬಿಳಿ, ಅಚ್ಚ ಕಪ್ಪು ಆಗಿದ್ದರೆ ಪೆನ್ ಟೂಲ್ ಮುಟ್ಟುವ ಅಗತ್ಯವೇ ಇಲ್ಲ. ಬಣ್ಣದ ಗಾಜು, ತೆಳು ಪರದೆ, ಪ್ಲಾಸ್ಟಿಕ್ ಹಾಳೆ ಎಲ್ಲವೂ ಇದರಲ್ಲಿ ಬರುತ್ತವೆ. ನನಗೆ ಗೊತ್ತಿರುವ ದಾರಿಗಳಲ್ಲಿ ಇದಕ್ಕಿಂತ ಪ್ರಾಮಾಣಿಕ ಫಲಿತಾಂಶ ಕೊಡುವುದು ಇನ್ನೊಂದಿಲ್ಲ.

ಬಾಗುವ ಬೆಳಕು

ತೆಳು ಗೋಡೆಯ ಖಾಲಿ ಲೋಟದಲ್ಲಿ ಹಿನ್ನೆಲೆ ಹೆಚ್ಚು ಬಾಗುವುದಿಲ್ಲ. ನೀರು ತುಂಬಿದ್ದರೆ ಕಥೆಯೇ ಬೇರೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆ) 1.33, ದುಂಡನೆಯ ಲೋಟದಲ್ಲಿ ಅದು ಮಸೂರದಂತೆ ವರ್ತಿಸಿ, ತುಸು ದೂರದಲ್ಲಿರುವ ವಸ್ತುಗಳನ್ನು ಎಡ–ಬಲ ತಿರುವಿ ತೋರಿಸುತ್ತದೆ. ಹಾಗಾಗಿ ಹೊಸ ಹಿನ್ನೆಲೆಯ ಪ್ರತಿಯೊಂದನ್ನು ‘ಫ್ಲಿಪ್ ಹಾರಿಜಾಂಟಲ್’ ಮಾಡಿ, ಅಗಲವನ್ನು ಕುಗ್ಗಿಸಿ, ನೀರಿರುವ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ನೆರಳಿನ ಲೇಯರ್‌ನ ಕೆಳಗಿಡಿ. ನೀರಿನ ಮೇಲ್ಮಟ್ಟದ ಗೆರೆಯಲ್ಲಿ ಮಾಸ್ಕ್ ಸರಿಯಾಗಿ ಕೂರಬೇಕು. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಮೇಜಿನ ಮೇಲೆ ಬೀಳುವ ಲೋಟದ ನೆರಳನ್ನು ಬಿಡಿಸುವಾಗಲೂ ಇದನ್ನೇ ನೆನಪಿಡಿ: ನೀರು ತುಂಬಿದ ಲೋಟದ ನೆರಳಿನ ನಡುವೆ ಬೆಳಕು ಒಟ್ಟಾಗಿ ಬಿದ್ದ ಪಟ್ಟಿಯೊಂದು ಇರುತ್ತದೆ.

ಉಳಿಸುವಾಗ

ಹೊಸ ಹಿನ್ನೆಲೆಯೊಂದಿಗೇ ಉಳಿಸುವುದಾದರೆ ಜೆಪೆಗ್ ಸಾಕು. ಲೋಟ ಮಾತ್ರ ಬೇಕೆಂದರೆ ಮಲ್ಟಿಪ್ಲೈ, ಲೀನಿಯರ್ ಡಾಡ್ಜ್‌ನಂತಹ ಮೋಡ್‌ಗಳು ಪಿಎನ್‌ಜಿ ಫೈಲ್‌ನೊಂದಿಗೆ ಹೋಗುವುದಿಲ್ಲ. ಆಗ, ಎರಡು ಫೋಟೊ ತೆಗೆದಿದ್ದರೆ, ಡಿಫರೆನ್ಸ್ ಚಿತ್ರವನ್ನು ಇನ್ವರ್ಟ್ ಮಾಡಿ (ಕಪ್ಪು–ಬಿಳುಪನ್ನು ಅದಲುಬದಲಾಗಿಸಿ), ಕಪ್ಪು ಹಿನ್ನೆಲೆಯ ಚಿತ್ರಕ್ಕೆ ಅದನ್ನೇ ಲೇಯರ್ ಮಾಸ್ಕ್ ಆಗಿ ಹಾಕಿ, ಮಾಸ್ಕನ್ನು ಅಪ್ಲೈ ಮಾಡಿ. ನಂತರ ಲೇಯರ್ ಮೆನುವಿನ ‘ಮ್ಯಾಟಿಂಗ್’ನಲ್ಲಿ ‘ರಿಮೂವ್ ಬ್ಲ್ಯಾಕ್ ಮ್ಯಾಟ್’ ಆರಿಸಿದರೆ ಗಾಜಿಗೆ ಮೆತ್ತಿಕೊಂಡ ಕಪ್ಪು ಛಾಯೆ ಬಿಟ್ಟುಹೋಗುತ್ತದೆ. ಜಿಫ್ ಇದಕ್ಕೆ ಒದಗುವುದಿಲ್ಲ. ಅದರಲ್ಲಿ ಪ್ರತಿ ಪಿಕ್ಸೆಲ್ ಒಂದೋ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮರೆಯಾಗಬೇಕು. ಪಿಎನ್‌ಜಿ ಅಥವಾ ವೆಬ್‌ಪಿ ಆರಿಸಿದರೆ ಪಾರದರ್ಶಕತೆಯ 256 ಹಂತಗಳೂ ಉಳಿಯುತ್ತವೆ.